ಗಾಜಿನೊಳಗಿನ ಗಾಳಿ

ಮೊದಲ ಫೋಟೋ ಝೂಮ್ ಮಾಡಿ ನೋಡಿ. ಅಪ್ಪನ ಟ್ಯಾಕ್ಸಿಯ ಮುಂದಿನ ಗಾಜು. ಪಕ್ಕದ ಸೀಟಿನ ಎದುರು, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದೊಂದು ನಕ್ಷತ್ರ ಇದೆಯಲ್ಲ, ಅದು ನೆಲಮಂಗಲದ ಹತ್ರ ಜಲ್ಲಿ ಟಿಪ್ಪರ್‌ನಿಂದ ಹಾರಿಬಂದ ಕಲ್ಲಿನ ಗುರುತು.

"ಸಣ್ಣದು ತಾನೇ, ಬಿಡಣ್ಣ" ಅಂತ ಸ್ಟ್ಯಾಂಡಿನಲ್ಲಿ ಎಲ್ಲರೂ ಅಂದ್ರಂತೆ. ಅಪ್ಪ ಬಿಡಲಿಲ್ಲ. ಹೊಸ ಗಾಜಿಗೆ ಏಳು ಸಾವಿರ, ಜೊತೆಗೆ ಒಂದು ದಿನದ ಬಾಡಿಗೆ ಹೋಗುತ್ತೆ. ನನ್ನ ಪರೀಕ್ಷೆ ಫೀಸ್ ಕಟ್ಟೋ ತಿಂಗಳು ಬೇರೆ. ರೆಸಿನ್ ತುಂಬಿಸೋಕಾದ್ರೆ ಆರುನೂರು, ಮುಕ್ಕಾಲು ಗಂಟೆ. ಆದ್ರೆ ರಾತ್ರಿಯೆಲ್ಲ ಹೆದ್ದಾರಿಯಲ್ಲಿ ಅಪ್ಪನ ಮುಖದ ಮುಂದಿರೋದು ಅದೊಂದೇ ಗಾಜು. ಕಣ್ಣಿಗೆ ಕಾಣದಂತೆ ಮುಚ್ಚಿ ಕಳಿಸಿಬಿಟ್ರೆ? ಅದಕ್ಕೇ ಶನಿವಾರ ನಾನೂ ಹೋಗಿ ಪಕ್ಕದಲ್ಲೇ ನಿಂತೆ.

ಮುಂದಿನ ಗಾಜು ಒಂದಲ್ಲ, ಎರಡು. ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಪದರ. ಒಡೆದರೂ ಚೂರುಗಳು ಅದಕ್ಕೇ ಅಂಟಿಕೊಂಡಿರುತ್ತವೆ. ಇಂಥ ಪದರದ ಗಾಜಿಗೆ 1909ರಲ್ಲೇ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಪೇಟೆಂಟ್ ತಗೊಂಡಿದ್ದ. ನಮ್ಮ ಕಲ್ಲು ಒಡೆದದ್ದು ಹೊರಗಿನ ಗಾಜನ್ನು ಮಾತ್ರ. ಒಳಗಿನದಕ್ಕೂ ಏಟು ಬಿದ್ದಿದ್ರೆ ರೆಸಿನ್ ಮಾತೇ ಇರ್ತಿರಲಿಲ್ಲ.

ಎರಡನೇ ಫೋಟೋ ನೋಡಿ. ಗಾಡಿ ನೆರಳಲ್ಲಿದೆ. ಬಿಸಿಲಿನ ನೇರಳಾತೀತ ಕಿರಣ ತಾಗಿದ್ರೆ ರೆಸಿನ್ ಬಿರುಕಿನ ತುದಿ ಮುಟ್ಟೋ ಮೊದಲೇ ಗಟ್ಟಿಯಾಗಿಬಿಡುತ್ತೆ. ಮೆಕ್ಯಾನಿಕ್ ಅಣ್ಣ ಮೊದಲು ಸೂಜಿಯಲ್ಲಿ ಗಾಜಿನ ಪುಡಿ ತೆಗೆದ್ರು. ಆಮೇಲೆ ರಬ್ಬರ್ ಕಪ್‌ನಿಂದ ಗಾಜಿಗೆ ಕಚ್ಚಿಕೊಳ್ಳೋ ಒಂದು ಸ್ಟ್ಯಾಂಡ್, ಅದರಲ್ಲಿ ಸಿರಿಂಜ್ ಥರದ್ದು. ಒಮ್ಮೆ ಗಾಳಿ ಹೊರಗೆ ಎಳೀತಾರೆ, ಒಮ್ಮೆ ರೆಸಿನ್ ಒಳಗೆ ಒತ್ತುತ್ತಾರೆ. ಮತ್ತೆ ಎಳೆದು, ಮತ್ತೆ ಒತ್ತಿ. ನಾನು ಒಳಗೆ ಕೂತು ಟಾರ್ಚ್ ಹಿಡಿದಿದ್ದೆ. ನಕ್ಷತ್ರದ ಕಾಲುಗಳು ಒಂದೊಂದಾಗಿ ಮಾಯ ಆಗ್ತಾ ಹೋದವು!

ಬಿರುಕು ಎದ್ದು ಕಾಣೋದೇ ಅದರೊಳಗೆ ಗಾಳಿ ಇರೋದ್ರಿಂದ. ಗಾಜಿಂದ ಗಾಳಿಗೆ ಬಂದಾಗ ಬೆಳಕು ದಿಕ್ಕು ತಪ್ಪುತ್ತೆ. ರೆಸಿನ್ ಬೆಳಕನ್ನು ಬಗ್ಗಿಸೋದು ಹೆಚ್ಚೂಕಡಿಮೆ ಗಾಜಿನಷ್ಟೇ, ವಕ್ರೀಭವನ ಸೂಚ್ಯಂಕ ಸುಮಾರು 1.5. ಪಿಯುಸಿಯಲ್ಲಿ ಉರು ಹೊಡೆದಿದ್ವಲ್ಲ, ಅದೇ. ಕೊನೆಗೆ ಯುವಿ ದೀಪ ಹಿಡಿದು ಗಟ್ಟಿ ಮಾಡಿ, ಮೇಲೆ ಉಳಿದದ್ದನ್ನು ಬ್ಲೇಡಲ್ಲಿ ಕೆರೆದು ಉಜ್ಜಿದ್ರು.

"ಪೂರ್ತಿ ಹೋಯ್ತಾ?" ಅಂತ ಅಪ್ಪ ಕೇಳಿದ್ರು.

"ಇಲ್ಲ ಸಾರ್. ಒಂದು ಚುಕ್ಕೆ ಉಳಿಯುತ್ತೆ. ಬಿರುಕು ಮುಂದಕ್ಕೆ ಓಡದೆ ಇರ್ಲಿ ಅಂತಲೇ ಇದು."

ನಂಗೆ ಧೈರ್ಯ ಬಂದದ್ದು ಆ ಮಾತಿಗೆ, ಮತ್ತೆ ನಮ್ಮ ಹಿಂದೆ ಬಂದವರಿಗೆ ಅವರು ಹೇಳಿದ್ದಕ್ಕೆ. ಆ ಗಾಡಿಯಲ್ಲಿ ಏಟು ಸರಿಯಾಗಿ ಸ್ಟೇರಿಂಗ್ ಎದುರು ಬಿದ್ದಿತ್ತು. ದುಡ್ಡು ಎಣಿಸ್ತಿದ್ದವರನ್ನು ತಡೆದು, "ಇದಕ್ಕೆ ನಾನು ಕೈ ಹಾಕಲ್ಲ, ಗಾಜೇ ಬದಲಾಯಿಸಿ" ಅಂದ್ರು. ಉಳಿಯೋ ಚುಕ್ಕೆಯ ಮೇಲೆ ರಾತ್ರಿ ಎದುರು ಗಾಡಿಯ ಲೈಟ್ ಬಿದ್ರೆ ಕಣ್ಣಿಗೆ ಚೆದುರುತ್ತೆ. ಗಾಜಿನ ಅಂಚಿನವರೆಗೆ ಹೋದ ಬಿರುಕಿಗೂ ಸಾಮಾನ್ಯವಾಗಿ ಇದು ಆಗಲ್ಲ. ಪಕ್ಕದ ಕಿಟಕಿ ಗಾಜಿಗಂತೂ ಇಲ್ಲವೇ ಇಲ್ಲ. ಅದು ಟೆಂಪರ್ಡ್, ಒಡೆದ್ರೆ ಕಲ್ಲುಸಕ್ಕರೆ ಥರ ಪುಡಿಪುಡಿ.

ಅವತ್ತು ರಾತ್ರಿ ಅಪ್ಪ ಏರ್‌ಪೋರ್ಟ್ ಬಾಡಿಗೆಗೆ ಹೊರಟ್ರು. ನಾನು ನಿದ್ದೆ ಮಾಡಿದೆ.

ನಿಮ್ಮ ಮನೆ ಗಾಡಿಗೂ ಕಲ್ಲು ತಾಗಿದ್ರೆ ಮೊದಲು ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಧೂಳು, ನೀರು ಒಳಗೆ ಹೋದ್ರೆ ರೆಸಿನ್ ಸರಿಯಾಗಿ ಹಿಡಿಯಲ್ಲ. ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಎರಚಬೇಡಿ, ಎಸಿ ಒಮ್ಮೆಲೇ ಫುಲ್ ಇಡಬೇಡಿ. ಮಳೆ ಬರೋ ಮೊದಲೇ ತೋರಿಸಿ. ಟಿಪ್ಪರ್ ಸಿಕ್ಕಿದ್ರೆ ಹಿಂದೆ ಉಳೀರಿ. ಎರಡು ನಿಮಿಷ ತಡವಾದ್ರೆ ಆಗಲಿ.