ಒಂದು ಚಮಚ ಮೊಳಕೆ ಹಿಟ್ಟು

ನಾಗಪುರದ ಮೇ ತಿಂಗಳನ್ನು ಕಂಡವರಿಗೆ ಸೆಕೆಯ ವರ್ಣನೆ ಬೇಕಿಲ್ಲ. ಉಷ್ಣತೆ 45 ಡಿಗ್ರಿ ಮುಟ್ಟಿದರೂ ಇಲ್ಲಿಯವರು ಕೂಲರಿಗೆ ನೀರು ತುಂಬಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅಂಥ ಒಂದು ಬೇಸಿಗೆಯಲ್ಲಿ, ಕಾಯಿಲೆಯಿಂದ ಎದ್ದು ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದ ಅಮ್ಮ ಊಟ ಬಿಟ್ಟಳು. ಎಂಬತ್ನಾಲ್ಕರ ಜೀವ. ರಾಗಿ ಗಂಜಿ ಗಟ್ಟಿಯಾಗಿ ಕಾಸಿದರೆ ಎರಡೇ ಚಮಚಕ್ಕೆ ಕೈ ಅಡ್ಡ ಹಿಡಿಯುವಳು. ನೀರು ಬೆರೆಸಿ ತೆಳುವಾಗಿಸಿದರೆ ಲೋಟ ಖಾಲಿ. ಆದರೆ ಒಳಗೆ ಹೋದದ್ದು ಬರೀ ನೀರು. ದಿನದಿಂದ ದಿನಕ್ಕೆ ಅವಳ ಬಳೆಗಳು ಮೊಣಕೈಯತ್ತ ಜಾರುತ್ತಿದ್ದವು.

ಮೈಸೂರಿನಿಂದ ತಂಗಿ ಫೋನಿನಲ್ಲಿ ಹೇಳಿದಳು: "ಅಕ್ಕಾ, ಗಂಜಿ ಗಟ್ಟಿಯಾಗೇ ಮಾಡು. ಒಂದು ಚಮಚ ಮೊಳಕೆ ರಾಗಿ ಹಿಟ್ಟು ಹಾಕು, ತಾನೇ ತೆಳುವಾಗುತ್ತೆ." ಹಿಟ್ಟು ಹಾಕಿದರೆ ತೆಳುವಾಗುವುದೇ? ನನಗೆ ನಗು ಬಂತು. ಆದರೂ ಇತ್ವಾರಿಯ ಅಂಗಡಿಯಲ್ಲಿ 'ನಾಚಣಿ' ಎಂದು ಕೇಳಿ ರಾಗಿ ತಂದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸಿದೆ. ತಳತಳ ಕುದಿಯುವ ಗಂಜಿಗೆ ಹಾಕಿದೆ. ಗಂಜಿ ಇನ್ನೂ ಗಟ್ಟಿಯಾಯಿತು!

"ಕುದಿಯುವಾಗ ಹಾಕಿದೆಯಾ? ಹಾಗಾದರೆ ಅದನ್ನು ಕೊಂದೆ," ಎಂದಳು ತಂಗಿ, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು.

ಅವಳು ಹೇಳಿದ್ದು ಇಷ್ಟು. ಪಿಷ್ಟವೆಂದರೆ ಸಕ್ಕರೆಯ ಮಣಿಗಳ ಉದ್ದನೆಯ ಸರ. ಬೆಂದಾಗ ಈ ಸರಗಳು ಉಬ್ಬಿ, ಒಂದಕ್ಕೊಂದು ತೊಡರಿ ನೀರನ್ನು ಹಿಡಿದಿಡುತ್ತವೆ. ಗಂಜಿ ಗಟ್ಟಿಯಾಗುವುದು ಅದರಿಂದ. ಕಾಳು ಮೊಳೆಯುವಾಗ ಎಳೆಯ ಸಸಿಗೆ ಉಣಿಸಲು ಈ ಸರ ಕತ್ತರಿಸುವ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಸರ ತುಂಡಾದರೆ ಗಂಜಿ ತೆಳು. ಹಿಟ್ಟಿನ ಸತ್ವ ಎಲ್ಲೂ ಹೋಗದು. ಸಂಬಂಧ ಕುದುರಿಸಿದ ಹಿರಿಯರು ಮುಂದಿನ ಮನೆಗೆ ನಡೆಯುವಂತೆ ಕಿಣ್ವ ತಾನು ಸವೆಯದೆ ಮುಂದಿನ ಸರಕ್ಕೆ ಹೋಗುತ್ತದೆ. ಹಾಗಾಗಿ ಪಾತ್ರೆಗೆ ಒಂದೇ ಚಮಚ ಸಾಕು. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬಿಬ್ಬರು ಮೊಳಕೆ ಬಾರ್ಲಿಯಿಂದ ಬೇರ್ಪಡಿಸಿದ್ದೂ ಇಂಥದ್ದನ್ನೇ.

ಆದರೆ ಕಿಣ್ವವೆಂದರೆ ಒಂದು ಪ್ರೋಟೀನು, ಹದವಾಗಿ ಮಡಿಸಿಟ್ಟದ್ದು. ಅದರ ಮಡಿಕೆಯ ಗೂಡಿನಲ್ಲಿ ತನಗೆ ಒಪ್ಪುವ ವಸ್ತುವಷ್ಟೇ ಕೂರುತ್ತದೆ. ಪಿಷ್ಟ ಕತ್ತರಿಸುವುದು ತುಪ್ಪದ ಗೊಡವೆಗೆ ಹೋಗದು. ಬಿಸಿ ಏರಿದಂತೆ ಕೆಲಸ ಚುರುಕು. ಮಿತಿ ಮೀರಿದರೆ ಮಡಿಕೆ ಬಿಚ್ಚಿ, ಬೆಂದ ಮೊಟ್ಟೆಯಂತೆ ಮತ್ತೆ ಮೊದಲಿನಂತಾಗದು. ಚಳಿಯಲ್ಲಿ ಮಾತ್ರ ಸಾಯದು, ಮಂದವಾಗುತ್ತದೆ ಅಷ್ಟೆ. ಹುಳಿ ಹೆಚ್ಚಾದರೂ ಕೈ ಕಟ್ಟಿ ಕೂರುತ್ತದೆ.

ಮರುದಿನ ಗಂಜಿ ಕುದಿಸಿ ಇಳಿಸಿದೆ. ಬೆರಳು ತಾಳುವಷ್ಟು ಆರಿದ ಮೇಲೆ ಹಿಟ್ಟು ಬೆರೆಸಿ ಕಲಕುತ್ತ ನಿಂತೆ. ಕಾಲು ಗಂಟೆಯೊಳಗೆ, ನೆಟ್ಟಗೆ ನಿಂತಿದ್ದ ಚಮಚ ವಾಲಿತು. ಗಂಜಿ ಧಾರೆಯಾಗಿ ಸುರಿಯಿತು. ಹಸಿ ಹಿಟ್ಟಲ್ಲವೇ, ಮತ್ತೆ ಚೆನ್ನಾಗಿ ಕುದಿಸಿ ಆರಿಸಿ ಕೊಟ್ಟೆ. ಅಮ್ಮ ಒಂದು ಲೋಟ ಪೂರ್ತಿ ಕುಡಿದು, "ಸಕ್ಕರೆ ಹಾಕಿದೆಯೇನೇ?" ಎಂದಳು. ಕಣ್ಣು ಒರೆಸಿಕೊಳ್ಳಲು ನಾನು ಒಳಗೆ ಹೋಗಬೇಕಾಯಿತು.

ಚಿಕ್ಕವಳಿದ್ದಾಗ ಸೌಟು ನೆಕ್ಕಿ ಗಂಜಿಗೆ ಅದ್ದಿದರೆ ಅಮ್ಮ, "ಎಂಜಲು ತಾಗಿದರೆ ನೀರೊಡೆಯುತ್ತೆ" ಎಂದು ಗದರುತ್ತಿದ್ದಳು. ಮಡಿಯ ಮಾತೆಂದುಕೊಂಡಿದ್ದೆ. ನಮ್ಮ ಎಂಜಲಿನಲ್ಲೂ ಅಮೈಲೇಸ್ ಇದೆಯಂತೆ! ಇದನ್ನು ಹೇಳಿದಾಗ ಅಮ್ಮ ನಕ್ಕಳು: "ನಾನು ಹೇಳಿದಾಗ ಕೇಳಲಿಲ್ಲ. ಈಗ ಫ್ರಾನ್ಸಿನವರು ಹೇಳಬೇಕಾಯಿತು."

ಮಳೆ ಹಿಡಿಯುವ ಹೊತ್ತಿಗೆ ಅಮ್ಮ ಅನ್ನಕ್ಕೆ ಮರಳಿದಳು. ಇನ್ನೆರಡು ವರ್ಷ ನಮ್ಮೊಡನಿದ್ದಳು. ಹಿಟ್ಟಿನ ಡಬ್ಬಿ ಖಾಲಿಯಾಗಲು ನಾನು ಬಿಟ್ಟಿಲ್ಲ. ಈಗ ಮೊಮ್ಮಗನಿಗೆ ಗಂಜಿ ಮಾಡುವವಳು ಮರಾಠಿ ಸೊಸೆ. ಮೊನ್ನೆ ರುಚಿ ನೋಡಿದ ಚಮಚವನ್ನು ಅವಳು ಪಾತ್ರೆಗೆ ಅದ್ದಹೋದಾಗ "ಉಷ್ಟಾ ಚಮಚಾ ನಕೋ!" ಎಂದು ಗದರಿದೆ. ಭಾಷೆ ಮರಾಠಿ, ದನಿ ಮಾತ್ರ ಅಮ್ಮನದೇ.