ಗೇರು ಗುಡ್ಡದ ನೊರೆ

ನೀವು ಎಂದಾದರೂ ಪುತ್ತೂರಿನ ಕಡೆಗೆ ಬಂದಿದ್ದರೆ ಇಲ್ಲಿನ ಗೇರು ಗುಡ್ಡಗಳನ್ನು ನೋಡಿಯೇ ಇರುತ್ತೀರಿ. ಮುರಕಲ್ಲಿನ ಕೆಂಪು ನೆಲ, ಕಾಲುದಾರಿಯ ಇಕ್ಕೆಲಗಳಲ್ಲಿ ಹುಲ್ಲು, ಬಾಗಿ ಹರಡಿಕೊಂಡ ಗೇರು ಮರಗಳು. ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ 1986ರಲ್ಲಿ ಆರಂಭವಾದದ್ದೂ ಈ ಊರಿನಲ್ಲೇ.

ಮಳೆ ಕಡಿಮೆಯಾಗುತ್ತಿದ್ದ ಒಂದು ಬೆಳಿಗ್ಗೆ ನಾಲ್ಕನೇ ತರಗತಿಯ ಮಕ್ಕಳನ್ನು ಪರಿಸರ ಪಾಠಕ್ಕೆಂದು ಅಂಥದೊಂದು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಗೇರಿನ ಎಳೆ ಚಿಗುರೊಂದರಲ್ಲಿ ಬಿಳಿ ನೊರೆ ಕಂಡಿತು. ಥೇಟ್ ಉಗುಳಿನಂತೆಯೇ ಇತ್ತು. ಪಕ್ಕದಲ್ಲಿ ನಿಂತಿದ್ದವನು ತರಗತಿಯ ತುಂಟ ಹುಡುಗ.

"ಗಿಡದ ಮೇಲೆ ಉಗುಳುವುದಾ? ನಾಚಿಕೆಯಾಗುವುದಿಲ್ಲವಾ?" ಎಂದು ಎಲ್ಲರ ಮುಂದೆ ಗದರಿದೆ.

"ನಾನಲ್ಲ ಟೀಚರ್" ಎಂದವನ ಕಣ್ಣು ತುಂಬಿತು.

ಅಷ್ಟರಲ್ಲಿ ಹುಡುಗಿಯೊಬ್ಬಳು, "ಟೀಚರ್, ಅಲ್ಲಿ ಮೇಲೆಯೂ ಇದೆ" ಎಂದಳು. ನನ್ನ ಕೈಗೂ ಎಟುಕದ ಕೊಂಬೆಯಲ್ಲಿ ಅದೇ ನೊರೆ!

ಹುಲ್ಲುಕಡ್ಡಿಯಿಂದ ಮೆಲ್ಲನೆ ಸರಿಸಿ ನೋಡಿದೆವು. ಒಳಗೆ ಮೆದು ಮೈಯ ಪುಟ್ಟ ಮರಿಹುಳು. ಇಂಗ್ಲಿಷಿನಲ್ಲಿ ಇದಕ್ಕೆ ಸ್ಪಿಟಲ್‌ಬಗ್, ಅಂದರೆ ಉಗುಳಿನ ಹುಳು ಎಂದು ಹೆಸರು. ನಿಜವಾಗಿ ಅದು ಉಗುಳೇ ಅಲ್ಲ. ಈ ಮರಿ ಗಿಡದೊಳಗೆ ಬೇರಿನಿಂದ ಮೇಲೇರುವ ರಸವನ್ನು ಹೀರುತ್ತದೆ. ಅದು ಬಹುಪಾಲು ನೀರೇ ಆದ್ದರಿಂದ ಹೊಟ್ಟೆ ತುಂಬಲು ತುಂಬಾ ಕುಡಿಯಬೇಕು. ಹೆಚ್ಚಾದ ನೀರು ಹಿಂಬದಿಯಿಂದ ಹೊರಬರುವಾಗ ಅದಕ್ಕೆ ಗಾಳಿ ಸೇರಿಸಿ ನೊರೆ ಎಬ್ಬಿಸುತ್ತದೆ. ಆ ನೊರೆಯೇ ಅದರ ಮನೆ. ಬಿಸಿಲಿಗೆ ಮೈ ಒಣಗುವುದಿಲ್ಲ, ಶತ್ರುಗಳ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ರೆಕ್ಕೆ ಬಂದ ಮೇಲೆ ನೊರೆ ಬೇಡ. ಆಗ ಅದು ಫ್ರಾಗ್‌ಹಾಪರ್, ಅಂದರೆ ಕಪ್ಪೆಯಂತೆ ಕುಪ್ಪಳಿಸುವ ಹುಳು. ಇದೇ ಬಳಗದ ಯುರೋಪಿನ ಒಂದು ಹುಳು ಕೇವಲ 6 ಮಿಲಿಮೀಟರ್ ಉದ್ದವಿದ್ದರೂ 70 ಸೆಂಟಿಮೀಟರ್ ಎತ್ತರ ಹಾರಬಲ್ಲದೆಂದು ಕೇಂಬ್ರಿಡ್ಜ್‌ನ ವಿಜ್ಞಾನಿ ಮಾಲ್ಕಮ್ ಬರೋಸ್ 2003ರಲ್ಲಿ ತೋರಿಸಿಕೊಟ್ಟರು. ತನ್ನ ಮೈಯುದ್ದದ ನೂರು ಪಟ್ಟಿಗಿಂತಲೂ ಹೆಚ್ಚು!

ಇಂಗ್ಲೆಂಡಿನಲ್ಲಿ ಈ ನೊರೆಗೆ 'ಕೋಗಿಲೆಯ ಉಗುಳು' ಎನ್ನುವ ರೂಢಿಯಿದೆ. ಅಲ್ಲಿ ಏನೂ ಅರಿಯದ ಕೋಗಿಲೆಯ ಮೇಲೆ ಆರೋಪ, ಇಲ್ಲಿ ನನ್ನ ವಿದ್ಯಾರ್ಥಿಯ ಮೇಲೆ. ಗದರಿದ್ದು ಎಲ್ಲರ ಮುಂದೆ; ಹಾಗಾಗಿ "ತಪ್ಪು ನನ್ನದು ಮಗಾ" ಎಂದು ಹೇಳಿದ್ದೂ ಎಲ್ಲರ ಮುಂದೆಯೇ.

ಮರುದಿನ ಅವನೇ ಓಡಿ ಬಂದ. "ಟೀಚರ್, ನಮ್ಮ ಅಂಗಳದ ಗಿಡದಲ್ಲೂ ಇದೆ. ಉಮ್ಮ ಹೇಸಿಗೆ ಎಂದು ಚಿವುಟಿ ಎಸೆಯಲು ಹೊರಟಿದ್ದರು. ನಾನು ಒಳಗಿನ ಹುಳು ತೋರಿಸಿದೆ. ಈಗ ಉಮ್ಮನೇ ಮತ್ತೆ ಮತ್ತೆ ಹೋಗಿ ನೋಡುತ್ತಾರೆ."

ಸಹೋದರಿಯರೇ, ನಿಮ್ಮ ಹಿತ್ತಿಲಿನಲ್ಲೂ ಇಂಥ ನೊರೆ ಕಾಣಬಹುದು. ಒಂದೆರಡು ಹುಳುಗಳಿಂದ ಗಿಡ ಸಾಯುವುದಿಲ್ಲ. ಮಕ್ಕಳನ್ನು ಕರೆಯಿರಿ, ಕಡ್ಡಿಯಿಂದ ಹಗುರವಾಗಿ ಸರಿಸಿ ತೋರಿಸಿರಿ, ಹುಳುವನ್ನು ಕೀಳದೆ ಹಾಗೆಯೇ ಬಿಟ್ಟುಬಿಡಿ. ಸ್ವಲ್ಪ ಹೊತ್ತಿನಲ್ಲಿ ಅದು ಮತ್ತೆ ನೊರೆ ಹೊದ್ದುಕೊಳ್ಳುವುದನ್ನು ಮಕ್ಕಳೊಂದಿಗೆ ನೀವೂ ಕುಳಿತು ನೋಡಿರಿ.