ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿದ್ದ ಗಾಡಿ

ನನ್ನ ಗಾಡಿಗೆ ಕಿಕ್ ಇಲ್ಲ. ಈಗ ಬರುವ ಎಷ್ಟೋ ಬೈಕುಗಳಿಗೆ ಇರುವುದಿಲ್ಲ. ಬಟನ್ ಒತ್ತಿದರೆ ಸ್ಟಾರ್ಟ್, ಇಲ್ಲದಿದ್ದರೆ ತಳ್ಳುವುದು. ಶೋರೂಮಿನಲ್ಲಿ ನೋಡಿದಾಗ ಇದು ಯೋಚನೆಗೇ ಬಂದಿರಲಿಲ್ಲ.

ನನ್ನಂಥ ಸ್ಟ್ರಿಂಗರ್‌ಗೆ ಗಾಡಿಯೇ ಆಫೀಸು. ಒಂದು ದಿನ ಸಾರವಾಡದ ಹತ್ತಿರ ಡೋಣಿ ತುಂಬಿತು ಅಂತ ಓಡಬೇಕು, ಮತ್ತೊಂದು ದಿನ ಮಮದಾಪುರ ಕೆರೆಗೆ, ಮತ್ತೊಂದು ದಿನ ಗಲಗಲಿ ರಸ್ತೆಯಲ್ಲಿ ಪಲ್ಟಿಯಾದ ಕಬ್ಬಿನ ಟ್ರ್ಯಾಕ್ಟರ್ ಹತ್ತಿರ. ತಿಂಗಳ ಸಂಬಳ ಇಲ್ಲ. ಸುದ್ದಿ ಅಚ್ಚಾದರೆ ಅದಕ್ಕಿಷ್ಟು ಅಂತ ದುಡ್ಡು. ಪೆಟ್ರೋಲು ನಮ್ಮದೇ. ಗಾಡಿಯ ಮುಂದೆ ಮಾತ್ರ ದೊಡ್ಡ ಅಕ್ಷರದಲ್ಲಿ 'ಪ್ರೆಸ್' ಅಂತ ಸ್ಟಿಕರ್.

ಹೋದ ವರ್ಷ ಫೆಬ್ರುವರಿಯಿಂದ ಗಾಡಿ ಆಟ ಆಡಿಸತೊಡಗಿತು. ಒಮ್ಮೊಮ್ಮೆ ಬೆಳಿಗ್ಗೆ ಬಟನ್ ಒತ್ತಿದರೆ ಸದ್ದೇ ಇಲ್ಲ. ಹಾರ್ನ್ ಜೋರಾಗಿ ಹೊಡೆಯುತ್ತಿತ್ತು, ಮೀಟರ್ ಬೆಳಗುತ್ತಿತ್ತು, ಸೆಲ್ಫ್ ಮಾತ್ರ ಸತ್ತಂತೆ. ತಳ್ಳಿ, ಎರಡನೇ ಗೇರಿಗೆ ಹಾಕಿ ಹೇಗೋ ಹೊರಡಿಸಿಕೊಂಡು ಗ್ಯಾರೇಜಿಗೆ ಒಯ್ದರೆ, ಅಲ್ಲಿ ಒಂದೇ ಒತ್ತಿಗೆ ಸ್ಟಾರ್ಟ್. ಮೂರು ಸಲ ಹೀಗೇ ಆಯಿತು.

ನಮ್ಮೂರಿನ ಆ ಮೆಕ್ಯಾನಿಕ್ ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗ. ವಿಜಯಪುರದಲ್ಲಿ ಕೆಲಸ ಕಲಿತು ಬಂದು ತಗಡಿನ ಶೆಡ್ ಹಾಕಿಕೊಂಡಿದ್ದ. "ಸರ, ಬ್ಯಾಟರಿ ಹಳೇದಾಗೇತಿ, ಬದಲಿ ಮಾಡೂಣ್ರಿ" ಅಂದ. ಒಂದೂವರೆ ಸಾವಿರ ಕೊಟ್ಟು ಹೊಸದು ಹಾಕಿಸಿದೆ.

ಮಾರ್ಚ್ ಕೊನೆಗೆ ಒಂದು ರಾತ್ರಿ ಗುಡುಗು ಮಳೆ. ತಿಕೋಟಾ ಭಾಗದಲ್ಲಿ ಅದು ಒಣದ್ರಾಕ್ಷಿಯ ಸುಗ್ಗಿ. ಹಸಿ ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಎರಡು ವಾರದಷ್ಟು ಒಣಗಿಸುತ್ತಾರೆ. ಅಷ್ಟರಲ್ಲಿ ಮಳೆ ಹೊಡೆದರೆ ಕಾಯಿ ಕಪ್ಪಾಗುತ್ತದೆ, ದರ ಬಿದ್ದುಹೋಗುತ್ತದೆ. ಬೆಳಿಗ್ಗೆ ಐದೂವರೆಗೆ ಪರಿಚಯದ ರೈತರೊಬ್ಬರ ಫೋನು: "ಲಗೂನ ಬರ್ರಿ, ಫೋಟೋ ತಗೀರಿ. ಪೇಪರಿನಾಗ ಬಂದ್ರ ಸರ್ವೆಕ್ಕರೆ ಬರ್ತಾರ."

ಓಣಿಗೆ ಬಂದು ಬಟನ್ ಒತ್ತಿದೆ. ಸದ್ದಿಲ್ಲ. ನಮ್ಮದು ಎರೆಮಣ್ಣಿನ ಓಣಿ. ಮಳೆಯಾದ ಮೇಲೆ ಚಪ್ಪಲಿಯೇ ಎತ್ತಲು ಬರುವುದಿಲ್ಲ, ಗಾಡಿ ತಳ್ಳಿ ಓಡುವುದು ದೂರದ ಮಾತು. ಒಂದು ತಾಸು ಒದ್ದಾಡಿ, ಬೆವರು ಸುರಿಸಿ ಗ್ಯಾರೇಜಿನ ತನಕ ತಳ್ಳಿಕೊಂಡು ಹೋದೆ. ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಹುಡುಗ ಬಂದು ಬಟನ್ ಒತ್ತಿದ. ಸ್ಟಾರ್ಟ್!

ನನ್ನ ತಲೆ ಕೆಟ್ಟಿತು. ಚಾ ಅಂಗಡಿಯ ಮುಂದೆ ಏಳೆಂಟು ಜನ ಕೂತಿದ್ದರು. ಅವರೆದುರಿಗೇ ಕೂಗಾಡಿದೆ. "ಒಂದೂವರೆ ಸಾವಿರ ತಿಂದು ಆಟ ಆಡ್ತೀಯೇನು? ನಿನ್ನ ಬಗ್ಗೆ ಪೇಪರಿನಾಗ ಹಾಕ್ತೀನಿ ನೋಡ್ತಿರು." ಹುಡುಗ ಏನೂ ಅನ್ನಲಿಲ್ಲ. ಒಳಗೆ ಹೋಗಿ ಮೂರು ಐನೂರರ ನೋಟು ತಂದು ಕೈಗಿಟ್ಟ. ನಾನು ತೆಗೆದುಕೊಂಡೆ. ತಿಕೋಟಾ ಮುಟ್ಟುವ ಹೊತ್ತಿಗೆ ಬೇರೆಯವರ ಫೋಟೋ ಆಗಲೇ ವಾಟ್ಸಾಪ್‌ನಲ್ಲಿ ಓಡಾಡುತ್ತಿತ್ತು. ಫೋನ್ ಮಾಡಿದ್ದ ರೈತರು ಬಲೆ ಸರಿಸುತ್ತಾ, ಮುಖ ನೋಡದೆ ಅಂದರು: "ತಡಾ ಮಾಡಿದ್ರಿ."

ಎರಡು ದಿನ ಬಿಟ್ಟು ನಮ್ಮ ಕಾಕಾ ಮನೆಗೆ ಬಂದಿದ್ದರು. ಬೋರಿನ ಮೋಟಾರು ವೈಂಡಿಂಗ್ ಮಾಡುವುದು ಅವರ ಕೆಲಸ. ಬೈಕಿನ ಕೆಲಸ ಗೊತ್ತಿಲ್ಲ. ಆದರೂ ನನ್ನ ಗೋಳು ಕೇಳಿ, "ಸಾಮಾನು ಬದಲಿ ಮಾಡೂದು ರಿಪೇರಿ ಅಲ್ಲೋ ತಮ್ಮಾ. ಕರೆಂಟು ಎಲ್ಲಿ ತನಾ ಬಂತು, ಎಲ್ಲಿ ನಿಂತು, ಅದನ್ನ ಹುಡುಕು" ಅಂದರು.

ಅವರು ಹೇಳಿದ ಲೆಕ್ಕ ಹೊಲ ಇರುವ ಎಲ್ಲರಿಗೂ ಗೊತ್ತಿರುವಂಥದ್ದೇ. ಬೋರಿನ ಸ್ಟಾರ್ಟರ್ ಡಬ್ಬಿಯಲ್ಲಿ ಹಸಿರು ಬಟನ್ ಒತ್ತಿದರೆ ಮೋಟಾರಿಗೆ ನೇರ ಕರೆಂಟು ಹೋಗುವುದಿಲ್ಲ. ಒಳಗೆ ಸಣ್ಣ ಕಾಯಿಲ್ ಎಳೆದು 'ಟಕ್' ಅಂತ ದೊಡ್ಡ ಕಾಂಟ್ಯಾಕ್ಟ್ ಕೂಡಿಸುತ್ತದೆ. ಬೈಕಿನಲ್ಲೂ ಅದೇ. ಬಟನ್ ಒತ್ತಿದಾಗ ತೆಳು ವಾಯರಿನಲ್ಲಿ ಸ್ವಲ್ಪ ಕರೆಂಟು ಹೋಗಿ ರಿಲೇ ಎಳೆಯುತ್ತದೆ. ರಿಲೇ ಕೂಡಿದ ಮೇಲೆ ಬ್ಯಾಟರಿಯಿಂದ ದಪ್ಪ ವಾಯರಿನಲ್ಲಿ ಹತ್ತಾರು ಆಂಪಿಯರ್ ಸ್ಟಾರ್ಟರ್ ಮೋಟಾರಿಗೆ ನುಗ್ಗುತ್ತದೆ.

ಅಷ್ಟು ಕರೆಂಟು ಆ ಸಣ್ಣ ಮೋಟಾರು ಹೇಗೆ ತಾಳುತ್ತದೆ? ಕೆಲವೇ ಸೆಕೆಂಡ್ ತಾಳಿದರೆ ಸಾಕು, ಅದಕ್ಕೇ. 1912ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿಗೆ ಸೆಲ್ಫ್ ಮಾಡಿಕೊಟ್ಟ ಚಾರ್ಲ್ಸ್ ಕೆಟರಿಂಗ್ ಹಿಡಿದ ದಾರಿಯೂ ಇದೇ. ಆದ್ದರಿಂದ ಬಟನ್ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ. ಬಿಟ್ಟು, ಸ್ವಲ್ಪ ತಡೆದು ಮತ್ತೆ ಒತ್ತಿ.

ನಿಮ್ಮ ಗಾಡಿಯೂ ಹಟ ಹಿಡಿದರೆ ಮೊದಲು ಕಿವಿ ಕೊಡಿ.

ಟಕಟಕಟಕ ಅಂತ ಬೇಗ ಬೇಗ ಸದ್ದು ಬಂದರೆ ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಸಡಿಲಾಗಿದೆ. ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್‌ನಷ್ಟು ತೋರಿಸಬೇಕು. ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು.

ಒಂದೇ 'ಟಕ್' ಬಂದು ಮೋಟಾರು ತಿರುಗದಿದ್ದರೆ ತಪ್ಪು ದಪ್ಪ ವಾಯರಿನ ಕಡೆಗಿದೆ. ರಿಲೇ ಒಳಗಿನ ಕಾಂಟ್ಯಾಕ್ಟ್, ಮೋಟಾರಿನ ಕಾರ್ಬನ್, ಅಥವಾ ಎಂಜಿನ್ನಿಗೆ ಬಿಗಿದ ಅರ್ಥಿಂಗ್ ವಾಯರಿನ ತುಕ್ಕು.

ಸದ್ದೇ ಇಲ್ಲದಿದ್ದರೆ ತೆಳು ವಾಯರಿನ ದಾರಿ ನೋಡಬೇಕು. ಫ್ಯೂಸ್, ಚಾವಿ, ಕೆಂಪು ಕಿಲ್ ಸ್ವಿಚ್, ಬಟನ್, ಕ್ಲಚ್ ಕೆಳಗಿನ ಸಣ್ಣ ಸ್ವಿಚ್, ನ್ಯೂಟ್ರಲ್ ಸ್ವಿಚ್. ಕೆಲವು ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡಿಗೂ ಸ್ವಿಚ್ ಇರುತ್ತದೆ.

ನನ್ನದು ಮೂರನೆಯದು. ಅಂದರೆ ಬ್ಯಾಟರಿಯ ಸುದ್ದಿಗೆ ಹೋಗುವ ಅಗತ್ಯವೇ ಇರಲಿಲ್ಲ.

ಕಾಕಾ ತಮ್ಮ ಮೀಟರ್ ತೆಗೆದರು. ಗಾಡಿ ನ್ಯೂಟ್ರಲ್‌ನಲ್ಲಿ ಡಬಲ್ ಸ್ಟ್ಯಾಂಡ್ ಮೇಲಿತ್ತು. ಬಟನ್ ಒತ್ತಿ ಹಿಡಿದಾಗ, ಬಟನ್ ದಾಟಿ ಹೊರಬರುವ ವಾಯರಿನಲ್ಲಿ 12 ವೋಲ್ಟ್ ಇದೆ. ಅದೇ ವಾಯರು ಸೀಟಿನ ಕೆಳಗೆ ರಿಲೇಗೆ ಬಂದು ಸೇರುವಲ್ಲಿ ಸೊನ್ನೆ. ಹಾಗಾದರೆ ನಡುವೆ ಎಲ್ಲೋ ತುಂಡಾಗಿದೆ. "ಈಗ ಹ್ಯಾಂಡಲ್ ಎಡಕ್ಕ ತಿರುಗಸು" ಅಂದರು. ತಿರುಗಿಸಿ ಒತ್ತಿದೆ. ಟಕ್, ಸ್ಟಾರ್ಟ್. ಆರಿಸಿ ಬಲಕ್ಕೆ ತಿರುಗಿಸಿದೆ. ಸತ್ತಿತು.

ಆಗ ಎಲ್ಲ ಹೊಳೆಯಿತು. ಸೈಡ್ ಸ್ಟ್ಯಾಂಡ್ ಹಾಕಿದರೆ ಹ್ಯಾಂಡಲ್ ತಾನಾಗಿಯೇ ಎಡಕ್ಕೆ ವಾಲುತ್ತದೆ. ಗ್ಯಾರೇಜಿನಲ್ಲಿ ಯಾವಾಗಲೂ ಸೈಡ್ ಸ್ಟ್ಯಾಂಡ್. ನಮ್ಮ ಓಣಿ ಸಣ್ಣದು, ಅಲ್ಲಿ ಗೋಡೆಗೆ ತಾಗದಂತೆ ಡಬಲ್ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ ಬಲಕ್ಕೆ ತಿರುಗಿಸಿ ಇಡುತ್ತಿದ್ದೆ.

ಟ್ಯಾಂಕಿನ ಮುಂದೆ, ಹ್ಯಾಂಡಲ್ ಬುಡದಲ್ಲಿ ವಾಯರಿನ ಕಪ್ಪು ತೋಳು ಬಿಚ್ಚಿದರು. ಒಂದು ಪ್ಲಾಸ್ಟಿಕ್ ಟ್ಯಾಗ್ ಇಡೀ ವಾಯರಿನ ಕಟ್ಟನ್ನು ಫ್ರೇಮಿಗೆ ಬಿಗಿದು ಹಿಡಿದಿತ್ತು. ಹ್ಯಾಂಡಲ್ ತಿರುಗಿದಾಗಲೆಲ್ಲ ಅದೇ ಜಾಗದಲ್ಲಿ ಜಗ್ಗಿ ಜಗ್ಗಿ, ಒಂದು ವಾಯರಿನ ಒಳಗಿನ ತಾಮ್ರ ತುಂಡಾಗಿತ್ತು. ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇತ್ತು. ಕಣ್ಣಿಗೆ ಕಾಣುವಂತಿರಲಿಲ್ಲ.

"ಈ ಟ್ಯಾಗ್ ಕಂಪನಿದಲ್ಲ. ಯಾರು ಹಾಕ್ಯಾರ?" ಅಂತ ಕಾಕಾ ಕೇಳಿದರು.

ನಾನೇ. ದೀಪಾವಳಿ ಹೊತ್ತಿಗೆ ಮೊಬೈಲ್ ಚಾರ್ಜರ್ ಕೂಡಿಸಿದ್ದೆ. ಅದರ ವಾಯರು ಜೋಲಾಡದಿರಲಿ ಅಂತ ನನ್ನ ಕೈಯಿಂದಲೇ ಎಳೆದು ಬಿಗಿದಿದ್ದೆ.

ಕಾಕಾ ಆ ತುಂಡು ಕತ್ತರಿಸಿ, ಹೊಸ ವಾಯರು ಸೇರಿಸಿ ಬೆಸುಗೆ ಹಾಕಿದರು. ಮೇಲೆ ತೋಳು ಏರಿಸಿ, ಹ್ಯಾಂಡಲ್ ಎರಡೂ ಕಡೆ ತಿರುಗುವಷ್ಟು ಸಡಿಲು ಬಿಟ್ಟರು. ಖರ್ಚು ಇಪ್ಪತ್ತು ರೂಪಾಯಿ ದಾಟಲಿಲ್ಲ. ಎರಡು ಮಾತು ಹೇಳಿ ಹೋದರು. ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತಬೇಡ, ಗಾಡಿಗೇ ಬೆಂಕಿ ಬೀಳಬಹುದು. ರಿಲೇಯ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಇಟ್ಟು ಸ್ಟಾರ್ಟ್ ಮಾಡಬೇಡ. ಕಿಡಿ ಹಾರುತ್ತದೆ, ಗೇರಿನಲ್ಲಿದ್ದರೆ ಗಾಡಿ ನೆಗೆಯುತ್ತದೆ.

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಡಿಪ್ಲೊಮಾ ಕ್ಲಾಸಿನಲ್ಲಿ ನಮಗೆ ಮೊದಲು ಕಲಿಸಿದ್ದೇ, ಯಾರ ಮೇಲೆ ಆರೋಪವಿದೆಯೋ ಅವರನ್ನು ಕೇಳದೆ ಒಂದು ಸಾಲೂ ಬರೆಯಬಾರದು ಅಂತ. ಆ ಹುಡುಗನನ್ನು ನಾನು ಏನೂ ಕೇಳಿರಲಿಲ್ಲ. ಅಳತೆ ಮಾಡದೆ ಬ್ಯಾಟರಿ ಬದಲಿಸಿದ್ದು ಅವನ ತಪ್ಪು, ನಿಜ. ಆದರೆ ಅವನು ಕಳ್ಳನಲ್ಲ. ಬ್ಯಾಟರಿ ಹಳೆಯದಾಗಿತ್ತು, ಹೊಸದು ಇವತ್ತಿಗೂ ನನ್ನ ಗಾಡಿಯಲ್ಲೇ ಇದೆ.

ಮರುದಿನ ಸಂಜೆ, ಚಾ ಅಂಗಡಿ ತುಂಬುವ ಹೊತ್ತು ನೋಡಿಯೇ ಹೋದೆ. ಬೈದದ್ದು ಜನರ ಎದುರಿಗೆ, ತಪ್ಪಾಯಿತು ಅನ್ನುವುದೂ ಅವರ ಎದುರಿಗೇ ಆಗಬೇಕಿತ್ತು. ನಡೆದದ್ದನ್ನು ಹೇಳಿ ಒಂದೂವರೆ ಸಾವಿರ ವಾಪಸ್ ಕೊಟ್ಟೆ. ಹುಡುಗ ದುಡ್ಡು ಎಣಿಸಲಿಲ್ಲ. ತುಂಡಾದ ವಾಯರು ಕೈಯಲ್ಲಿ ಹಿಡಿದು ಬಾಗಿಸಿ ಬಾಗಿಸಿ ನೋಡಿದ. "ಹ್ಯಾಂಡಲ್ ತಿರುಗಿಸಿ ನೋಡ್ಬೇಕಿತ್ರಿ ಸರ" ಅಂದ.

ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: "ನೀವು ಅವತ್ತ ಒದರಾಡಿದ ಮ್ಯಾಲ ರಿಪೇರಿಗೆ ಬಿಟ್ಟಿದ್ದ ಎರಡು ಗಾಡಿ ವಾಪಸ್ ಒಯ್ದ್ರಿ."

ಅವು ಯಾರ ಗಾಡಿ ಅಂತ ಕೇಳಿಕೊಂಡು ಇಬ್ಬರ ಮನೆಗೂ ಹೋಗಿ ಬಂದೆ. ಒಬ್ಬರು ಮತ್ತೆ ಅವನ ಹತ್ತಿರ ಬರುತ್ತಿದ್ದಾರೆ. ಇನ್ನೊಬ್ಬರು ಈಗಲೂ ವಿಜಯಪುರಕ್ಕೇ ಹೋಗುತ್ತಾರೆ.